ಬ್ಲಾಕ್ ಮಾಡಿದ್ದು ತಮ್ಮ, ಉತ್ತರ ಕೊಡದೆ ಕೂತಿದ್ದು ನಾನು

ಕಳಸದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಏನೋ ಟಪಟಪ ಸದ್ದು ಕೇಳ್ತಿದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ, ಅದು ನಮ್ಮ ಮನೆ ಶೀಟಿನ ಮೇಲೆ ಬೀಳ್ತಿರೋ ಮಳೆ. ಸಂಜೆಯಿಂದ ಕರೆಂಟ್ ಇಲ್ಲ. ಫೋನಲ್ಲೇ ರೆಕಾರ್ಡ್ ಮಾಡ್ತಿದ್ದೀನಿ, 38 ಪರ್ಸೆಂಟ್ ಚಾರ್ಜ್ ಉಳಿದಿದೆ. ಅಷ್ಟರೊಳಗೆ ಹೇಳಿ ಮುಗಿಸ್ಬೇಕು.

ಇವತ್ತಿನ ವಿಷಯ ನಿಮ್ಮೆಲ್ಲರ ಫೋನಲ್ಲೂ ದಿನಾ ನಡೆಯೋದು. ತಮ್ಮ ಧರ್ಮವನ್ನ ಸಮರ್ಥಿಸಿ ರೀಲ್, ವಿಡಿಯೋ ಮಾಡೋರು ಇದ್ದಾರಲ್ಲ, ಅವರಿಗೆ ಯಾರಾದ್ರೂ ಒಂದು ಸರಿಯಾದ ಪ್ರಶ್ನೆ ಕೇಳಿದ್ರೆ ಏನು ಮಾಡ್ತಾರೆ? ಉತ್ತರ ಕೊಡ್ತಾರಾ, ಜಾರಿಕೊಳ್ತಾರಾ? ಇದನ್ನ ನಾನು ದೂರದಲ್ಲಿ ನಿಂತು ನೋಡಿ ಹೇಳ್ತಿಲ್ಲ. ಈ ಕಥೆಯಲ್ಲಿ ನಾನೂ ಇದ್ದೀನಿ, ಅದೂ ಅಷ್ಟೇನೂ ಚೆನ್ನಾಗಿರೋ ಪಾತ್ರದಲ್ಲಿ ಅಲ್ಲ.

ನನ್ನ ಚಿಕ್ಕಪ್ಪನ ಮಗ ಒಂದು ಪೇಜ್ ನಡೆಸ್ತಾನೆ. ನಮ್ಮ ಕಡೆಯ ದೇವಸ್ಥಾನ, ತೀರ್ಥ, ಜಾತ್ರೆ, ಇವುಗಳ ರೀಲ್ಸ್. ನನಗಿಂತ ಮೂರು ವರ್ಷ ಚಿಕ್ಕವನು. ಚೆನ್ನಾಗಿ ಶೂಟ್ ಮಾಡ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಬೆಳಗಿನ ಮಂಜಲ್ಲಿ ಕಳಸೇಶ್ವರನ ಮೆಟ್ಟಿಲು ತೋರಿಸಿದ್ರೆ ಬೆಂಗಳೂರಲ್ಲಿ ಕೂತೋರಿಗೆ ಊರು ನೆನಪಾಗಿ ಅಳು ಬರಬೇಕು, ಹಂಗಿರುತ್ತೆ.

ಮಳೆ ಶುರುವಾಗೋ ಮೊದಲು ಅವನು ಅಂಬಾತೀರ್ಥದ ಮೇಲೆ ಒಂದು ರೀಲ್ ಹಾಕಿದ. ಗೊತ್ತಿಲ್ಲದೋರಿಗೆ ಹೇಳ್ತೀನಿ. ಕಳಸದ ಹತ್ತಿರ ಭದ್ರಾ ನದಿಯ ದಡದಲ್ಲಿ ಅಂಬಾತೀರ್ಥ ಅಂತ ಜಾಗ ಇದೆ. ಅಲ್ಲಿ ಬಂಡೆಯ ಮೇಲೆ ಇನ್ನೊಂದು ದೊಡ್ಡ ಕಲ್ಲು ಕೂತಿದೆ. ಹದಿಮೂರನೇ ಶತಮಾನದ ಮಧ್ವಾಚಾರ್ಯರು ಆ ಕಲ್ಲನ್ನ ಒಂದೇ ಕೈಯಲ್ಲಿ ತಂದಿಟ್ರು ಅಂತ ನಂಬಿಕೆ. ನಮ್ಮಜ್ಜಿ ಅಲ್ಲಿಗೆ ಹೋದ್ರೆ ನೀರು ತಲೆಗೆ ಚಿಮುಕಿಸಿಕೊಂಡು ಕೈ ಮುಗಿದು ಬರ್ತಿದ್ರು. ಅಷ್ಟೇ. ಆ ಕಲ್ಲು ಎಷ್ಟು ತೂಕ ಅಂತ ಅಜ್ಜಿ ಯಾವತ್ತೂ ಹೇಳಿದ್ದು ನನಗೆ ನೆನಪಿಲ್ಲ.

ತಮ್ಮನ ರೀಲಲ್ಲಿ ಮಾತ್ರ ಇಂತಿಷ್ಟು ಟನ್ ಅಂತ ದೊಡ್ಡ ಹಳದಿ ಅಕ್ಷರ. ಹಿಂದೆ ಡ್ರಮ್ಸ್. ಕೊನೆಗೆ ಒಂದು ಲೈನು: ಇದು ವಿಜ್ಞಾನಕ್ಕೆ ಸವಾಲು, ತಾಕತ್ತಿದ್ರೆ ಉತ್ತರ ಕೊಡಿ.

ನಾನು ಬಿ.ಕಾಂ. ಓದಿದವನು. ಈಗಲೂ ಹಗಲು ಹೊತ್ತು ಎಸ್ಟೇಟುಗಳ ಲೆಕ್ಕಪತ್ರ ಬರೆಯೋ ಕೆಲಸ. ಒಂದು ನಂಬರ್ ಕಂಡ ಕೂಡಲೇ ವೋಚರ್ ಎಲ್ಲಿ ಅಂತ ಕೇಳೋ ಕಾಯಿಲೆ ನನಗಿದೆ. ಕೆಳಗೆ ಕಾಮೆಂಟ್ ಹಾಕಿದೆ: "ಈ ತೂಕ ಅಳೆದಿದ್ದು ಯಾರು? ಯಾವಾಗ?" ಬೈಗುಳ ಇಲ್ಲ, ಎಮೋಜಿ ಇಲ್ಲ. ಅರ್ಧ ಗಂಟೇಲಿ ಕಾಮೆಂಟ್ ಮಾಯ. ಮತ್ತೆ ಹಾಕಿದೆ, ಮತ್ತೆ ಮಾಯ. ಮೂರನೇ ಸಲ ಹಾಕೋಕೆ ಹೋದ್ರೆ ಪೇಜೇ ಕಾಣ್ತಿಲ್ಲ. ಬ್ಲಾಕ್! ಒಂದೇ ಅಂಗಳದ ಎರಡು ಮನೆ ನಮ್ಮದು. ಅವರ ಮನೆ ದೋಸೆ ಹಿಟ್ಟು ನಮ್ಮ ಮನೆಗೆ ಬರುತ್ತೆ, ಅವನ ರೀಲ್ ಮಾತ್ರ ಬರಲ್ಲ.

ಇದಾದ ಮೇಲೆ ನಾನು ಒಂದು ತಿಂಗಳು ಬರೀ ಇದನ್ನೇ ಗಮನಿಸಿದೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್, ಮೂರೂ ಕಡೆಯ ಕನ್ನಡ ಪೇಜುಗಳನ್ನ ನೋಡಿದೆ. ಜಾರಿಕೊಳ್ಳೋ ದಾರಿ ಎಲ್ಲ ಕಡೆಯೂ ಒಂದೇ ಥರ ಇದೆ.

ಡಿಲೀಟ್, ಬ್ಲಾಕ್ ಮಾಡೋದು ತೀರಾ ಸಾದಾ ವಿಧಾನ. ಅದಕ್ಕಿಂತ ಜಾಣತನದ್ದು ಇನ್ನೊಂದಿದೆ. ನೂರು ಕಾಮೆಂಟಲ್ಲಿ ತೊಂಬತ್ತು ಬೈಗುಳ, ಹತ್ತು ಒಳ್ಳೇ ಪ್ರಶ್ನೆ ಬಂದಿರುತ್ತೆ ಅಂತ ಇಟ್ಕೊಳ್ಳಿ. ಆ ಹತ್ತನ್ನ ಬಿಟ್ಟು, ಅತ್ಯಂತ ಕೊಳಕಾದ ಒಂದು ಬೈಗುಳವನ್ನ ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ಹೊಸ ವಿಡಿಯೋ ಮಾಡೋದು. ನೋಡಿ ಸ್ನೇಹಿತರೇ, ನಮ್ಮನ್ನ ವಿರೋಧಿಸೋರ ಸಂಸ್ಕಾರ ಇಷ್ಟೇ ಅಂತ. ನೋಡಿದವರಿಗೆ ಉತ್ತರ ಕೊಟ್ಟ ಹಾಗೇ ಕಾಣುತ್ತೆ. ಪ್ರಶ್ನೆ ಹಾಗೇ ಉಳಿದಿರುತ್ತೆ.

ಇನ್ನೊಂದು, ಕೇಳಿದವನ ಯೋಗ್ಯತೆ ಕೇಳೋದು. ನಿನಗೆ ಸಂಸ್ಕೃತ ಬರುತ್ತಾ? ಅರಬ್ಬಿ ಬರುತ್ತಾ? ಗ್ರೀಕ್ ಬರುತ್ತಾ? ತಮಾಷೆ ಏನಂದ್ರೆ ಹೊಗಳೋರಿಗೆ ಈ ಪರೀಕ್ಷೆ ಇಲ್ಲ. ಸಂಸ್ಕೃತ ಬರದೇ ಇರೋರು ಹೃದಯದ ಎಮೋಜಿ ಹಾಕಿದ್ರೆ ಯಾರೂ ತಡೆಯಲ್ಲ.

ಮತ್ತೊಂದು ನಿಮಗೆ ಗೊತ್ತೇ ಇದೆ: ಅವರನ್ನ ಯಾಕೆ ಕೇಳಲ್ಲ? ನೀವು ಇವರನ್ನ ಕೇಳಿದ್ರೆ ಅವರನ್ನ ತೋರಿಸ್ತಾರೆ, ಅವರನ್ನ ಕೇಳಿದ್ರೆ ಇವರನ್ನ. ಲೆಕ್ಕದಲ್ಲಿ ಹತ್ತು ಸಾವಿರ ವ್ಯತ್ಯಾಸ ಇದೆ ಅಂದ್ರೆ ಪಕ್ಕದ ಅಂಗಡಿಯವನದ್ದು ಇಪ್ಪತ್ತು ಸಾವಿರ ವ್ಯತ್ಯಾಸ ಇದೆ ಅಂದ ಹಾಗೆ. ಇರಬಹುದು ಸ್ವಾಮಿ. ನಿಮ್ಮ ಹತ್ತು ಎಲ್ಲಿ?

ನಮ್ಮ ಜಿಲ್ಲೆಯಲ್ಲೇ ಬಾಬಾಬುಡನ್‌ಗಿರಿ ಇದೆ. ಆ ಗುಹೆಯ ವಿಷಯ ದಶಕಗಳಿಂದ ಕೋರ್ಟಲ್ಲಿದೆ. ಡಿಸೆಂಬರಲ್ಲಿ ದತ್ತ ಜಯಂತಿ ಬಂತು ಅಂದ್ರೆ ಎರಡೂ ಕಡೆಯ ವಿಡಿಯೋಗಳು ಫೋನ್ ತುಂಬ. ಗಮನಿಸಿ ನೋಡಿ, ಒಬ್ಬರ ವಿಡಿಯೋದಲ್ಲಿ ಬರೋ ಕಾಗದ ಇನ್ನೊಬ್ಬರ ವಿಡಿಯೋದಲ್ಲಿ ಬರೋದೇ ಇಲ್ಲ. ಕೋರ್ಟಲ್ಲಿ ವಕೀಲರು ಎದುರಿನವರ ದಾಖಲೆಗೆ ಉತ್ತರ ಕೊಡಲೇಬೇಕು, ಇಲ್ಲಾಂದ್ರೆ ಕೇಸ್ ನಿಲ್ಲಲ್ಲ. ರೀಲಿಗೆ ಆ ಕಷ್ಟ ಇಲ್ಲ. ಕ್ರೆಡಿಟ್ ಮಾತ್ರ ಬರೆದು ಡೆಬಿಟ್ ಬರೆಯದ ಲೆಡ್ಜರ್ ಅದು. ಲಾಭ ಬರದೇ ಇನ್ನೇನು ಬರುತ್ತೆ?

ಈಗ ಒಂದು ಮಾತು. ಧರ್ಮ ಅಂದ್ರೆನೇ ಹೀಗೆ, ಪ್ರಶ್ನೆ ಕಂಡ್ರೆ ಆಗಲ್ಲ ಅಂತ ಹೇಳೋರಿದ್ದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆ ಅಂಬಾತೀರ್ಥದ ಕಲ್ಲಿನ ಹಿಂದೆ ಇರೋ ಪರಂಪರೆಯನ್ನೇ ತಗೊಳ್ಳಿ. ಮಧ್ವರ ಪರಂಪರೆಯಲ್ಲಿ ಬಂದ ವ್ಯಾಸತೀರ್ಥರು, ವ್ಯಾಸರಾಯರು ಅಂತೀವಲ್ಲ, ವಿಜಯನಗರ ಕಾಲದವರು, 1539ರಲ್ಲಿ ತೀರಿಕೊಂಡ್ರು. ಅವರು ಅದ್ವೈತವನ್ನ ಟೀಕಿಸಿ ನ್ಯಾಯಾಮೃತ ಅಂತ ಗ್ರಂಥ ಬರೆದ್ರು. ಅದಕ್ಕೆ ಅದ್ವೈತದ ಕಡೆಯಿಂದ ಮಧುಸೂದನ ಸರಸ್ವತಿ ಅದ್ವೈತಸಿದ್ಧಿ ಬರೆದು ಉತ್ತರ ಕೊಟ್ರು. ಹೇಗೆ ಅಂತೀರಾ? ನ್ಯಾಯಾಮೃತದ ವಾದಗಳನ್ನ ಒಂದೊಂದಾಗಿ ಎತ್ಕೊಂಡು, ಒಂದನ್ನೂ ಬಿಡದೆ. ಅದಕ್ಕೆ ದ್ವೈತದ ರಾಮಾಚಾರ್ಯರು ನ್ಯಾಯಾಮೃತ ತರಂಗಿಣಿ ಬರೆದ್ರು. ಅದಕ್ಕೆ ಮತ್ತೆ ಅದ್ವೈತದಿಂದ ಬ್ರಹ್ಮಾನಂದರ ಉತ್ತರ. ತಲೆಮಾರುಗಟ್ಟಲೆ ನಡೆದ ಕಾಮೆಂಟ್ ಥ್ರೆಡ್ ಇದು, ಒಂದು ಕಾಮೆಂಟೂ ಡಿಲೀಟ್ ಆಗಿಲ್ಲ. ಈ ರಾಮಾಚಾರ್ಯರು ಎದುರಾಳಿಯ ವಾದ ಸರಿಯಾಗಿ ತಿಳ್ಕೊಳ್ಳೋಕೆ ಸ್ವತಃ ಮಧುಸೂದನ ಸರಸ್ವತಿಯವರ ಹತ್ತಿರವೇ ಹೋಗಿ ಪಾಠ ಹೇಳಿಸ್ಕೊಂಡ್ರು ಅಂತ ಸಂಪ್ರದಾಯದಲ್ಲಿ ಒಂದು ಕಥೆ ಇದೆ. ಕಥೆಯೇ ಇರಬಹುದು. ಆದ್ರೆ ಅಂಥ ಕಥೆಯನ್ನ ಹೆಮ್ಮೆಯಿಂದ ಹೇಳ್ಕೊಳ್ಳೋ ಜನ ಇದ್ರು ಅನ್ನೋದು ನೋಡಿ.

ಇದಕ್ಕೆ ಅವರಲ್ಲಿ ಒಂದು ಹೆಸರೇ ಇತ್ತು, ಪೂರ್ವಪಕ್ಷ. ಮೊದಲು ಎದುರಿನವನ ವಾದ, ಆಮೇಲೆ ನನ್ನ ಸಿದ್ಧಾಂತ. ನಮ್ಮದೇ ಜಿಲ್ಲೆಯ ಶೃಂಗೇರಿಯ ಕಥೆಯೂ ಅದೇ. ಶಂಕರರು ಮಂಡನಮಿಶ್ರರ ಜೊತೆ ವಾದ ಮಾಡಿದಾಗ ತೀರ್ಪುಗಾರರು ಯಾರು? ಮಂಡನರ ಹೆಂಡತಿ ಉಭಯಭಾರತಿ. ಎದುರಾಳಿಯ ಮನೆಯವರನ್ನೇ ಜಡ್ಜ್ ಅಂತ ಒಪ್ಪಿಕೊಳ್ಳೋ ಧೈರ್ಯ ಇವತ್ತು ಯಾವ ಪೇಜ್ ಅಡ್ಮಿನ್‌ಗೆ ಇದೆ ಹೇಳಿ? ಇನ್ನು ಶೂನ್ಯಸಂಪಾದನೆ ತಗೊಂಡ್ರೆ, ಅಕ್ಕಮಹಾದೇವಿ ಅನುಭವ ಮಂಟಪಕ್ಕೆ ಬಂದ ಕೂಡಲೇ ಯಾರೂ ಹಾರ ಹಾಕಲ್ಲ. ಅಲ್ಲಮ ಬಿಗಿಯಾದ ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾನೆ, ಅವಳು ಎಲ್ಲದಕ್ಕೂ ಉತ್ತರ ಕೊಡ್ತಾಳೆ. ಅದನ್ನ ಬರೆದಿಟ್ಟಿದ್ದು ವಿರೋಧಿಗಳಲ್ಲ, ಶರಣ ಪರಂಪರೆಯವರೇ.

ಹಾಗಂತ ಹಿಂದಿನದ್ದೆಲ್ಲ ಚಿನ್ನ ಅಂತ ಹೇಳೋಕೆ ಬಂದಿಲ್ಲ. ಆ ವಾದಗಳಲ್ಲಿ ಕೂರೋಕೆ ಎಷ್ಟು ಜನರಿಗೆ ಅವಕಾಶ ಇತ್ತು ಅನ್ನೋದು ನಿಮಗೂ ಗೊತ್ತು. ಇವತ್ತು ಕನಿಷ್ಠ ಯಾರು ಬೇಕಾದ್ರೂ ಪ್ರಶ್ನೆ ಕೇಳಬಹುದು, ಡಿಲೀಟ್ ಆಗೋ ತನಕ.

ಈಗ ಸ್ವಲ್ಪ ಹತ್ತಿರದ ಕಾಲಕ್ಕೆ ಬರೋಣ. 1976. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ. ಗೌರಿಬಿದನೂರು ಹತ್ತಿರದ ಹೊಸೂರಿನವರು, ಗಾಂಧಿವಾದಿ, ನ್ಯಾಷನಲ್ ಕಾಲೇಜಿನ ಎಚ್ಚೆನ್ ಅಂದ್ರೆ ನಿಮ್ಮ ಅಪ್ಪ ಅಮ್ಮನಿಗೆ ಗೊತ್ತಿರುತ್ತೆ. ಪವಾಡಗಳನ್ನ ಪರೀಕ್ಷೆ ಮಾಡೋಕೆ ಅಂತ ಅವರು ಒಂದು ಸಮಿತಿ ಮಾಡಿದ್ರು. ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದ್ರು, ನಮ್ಮ ಮುಂದೆ, ನಾವು ಹೇಳೋ ನಿಯಮದಲ್ಲಿ ಪವಾಡ ಮಾಡಿ ತೋರಿಸಿ ಅಂತ. ಉತ್ತರ ಬರಲಿಲ್ಲ. ಆಮೇಲೆ ಬಾಬಾ ಪತ್ರಿಕೆಯವರ ಹತ್ತಿರ ಹೇಳಿದ್ದರ ಸಾರಾಂಶ ಏನು ಅಂದ್ರೆ, ಅವರು ಕೇಳಿದ ರೀತಿ ಸರಿಯಿಲ್ಲ, ವಿಜ್ಞಾನ ಇಂದ್ರಿಯಗಳಿಗೆ ಸಿಗೋದನ್ನ ಮಾತ್ರ ನೋಡಬೇಕು, ಅಧ್ಯಾತ್ಮ ಅದರಾಚೆಯದ್ದು. 1977ರ ಆಗಸ್ಟಲ್ಲಿ ಆ ಸಮಿತಿಯೇ ಮುಗಿದುಹೋಯ್ತು.

ನಾನು ಇದನ್ನ ತುಂಬ ಯೋಚನೆ ಮಾಡಿದ್ದೀನಿ. ಅಧ್ಯಾತ್ಮ ಇಂದ್ರಿಯಗಳಾಚೆಯದ್ದು ಅನ್ನೋದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. ಪ್ರೀತಿ, ಶಾಂತಿ, ಭಕ್ತಿ ಇವನ್ನೆಲ್ಲ ಲ್ಯಾಬಲ್ಲಿ ಇಟ್ಟು ತೂಗೋಕಾಗಲ್ಲ, ಒಪ್ಪಿದೆ. ಆದ್ರೆ ಕೈಯಲ್ಲಿ ವಿಭೂತಿ ಬಂತು ಅಂದಾಗ ಅದು ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ಜನ ನಂಬೋದೇ ಕಣ್ಣಾರೆ ಕಂಡೆ ಅಂತ. ತೋರಿಸುವಾಗ ಇಂದ್ರಿಯಕ್ಕೆ ಸಿಗೋದು, ಪ್ರಶ್ನೆ ಬಂದಾಗ ಇಂದ್ರಿಯದಾಚೆಗೆ ಹೋಗೋದು, ಎರಡೂ ಒಟ್ಟಿಗೆ ಆಗಲ್ಲ. ಇನ್ನೊಂದು ಕಡೆಯಿಂದಲೂ ನೋಡಿ. ಪತ್ರಿಕೆಗಳಲ್ಲಿ ಸುದ್ದಿಯಾದ ಸವಾಲಿಗೆ ಒಬ್ಬ ಧರ್ಮಗುರು ಸುಮ್ಮನೆ ಹೌದು ಅಂತ ಬರೋದು ಕಷ್ಟ. ಸವಾಲು ಹಾಕೋ ರೀತಿಯೇ ಕೆಲವು ಸಲ ಬಾಗಿಲು ಮುಚ್ಚಿಸುತ್ತೆ.

ಉತ್ತರ ಕೊಡದೇ ಇರೋದರ ಕೊನೇ ತುದಿ ಬೇರೆ ಇದೆ. ಎಂ.ಎಂ. ಕಲಬುರ್ಗಿಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು, ವಚನಗಳಿಗೋಸ್ಕರ ಜೀವಮಾನ ಕೊಟ್ಟವರು. ಶರಣರ ಬಗ್ಗೆ ತಾವು ಮಾರ್ಗ ಪುಸ್ತಕದಲ್ಲಿ ಬರೆದ ಬರಹವನ್ನ 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡ್ರು. ದಾಖಲೆ ಇಟ್ಟು ಬರೆದದ್ದಕ್ಕೆ ದಾಖಲೆ ಇಟ್ಟು ಉತ್ತರ ಕೊಡಬಹುದಿತ್ತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಅವರಿಗೆ ಗುಂಡು ಹೊಡೆದ್ರು. ಬ್ಲಾಕ್ ಬಟನ್‌ಗೂ ಇದಕ್ಕೂ ಆಕಾಶ ಭೂಮಿ ಅಂತರ ಇದೆ, ನನ್ನ ತಮ್ಮನನ್ನ ನಾನು ಇದಕ್ಕೆ ಹೋಲಿಸ್ತಿಲ್ಲ. ಆದ್ರೆ ಪ್ರಶ್ನೆ ಕೇಳೋನು ಅಂದ್ರೆ ಶತ್ರು ಅಂತ ದಿನಾ ಮೂವತ್ತು ಸೆಕೆಂಡಿನ ಪಾಠ ಮಾಡಿದ್ರೆ ಅದನ್ನ ಕೇಳ್ಕೊಂಡು ಬೆಳೆಯೋರು ಎಲ್ಲಿಗೆ ತಲುಪ್ತಾರೆ ಅಂತ ಭಯ ಆಗುತ್ತೆ.

ಸರಿ, ಈಗ ನನ್ನ ಸರದಿ.

ತಮ್ಮ ಬ್ಲಾಕ್ ಮಾಡಿದ ಸಿಟ್ಟಲ್ಲಿ ನಾನು ಒಂದು ಎಪಿಸೋಡ್ ಮಾಡಿದ್ದೆ, ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಒಂದು ಪೇಜಲ್ಲಿ ಒಂದು ತೂಕ, ಇನ್ನೊಂದು ಪೇಜಲ್ಲಿ ಅದರ ಡಬಲ್, ಈ ಕಲ್ಲೇನು ಮಳೆಗಾಲದಲ್ಲಿ ಬೆಳೆಯುತ್ತಾ ಮಾರಾಯ ಅಂತ ತಮಾಷೆ ಮಾಡಿದ್ದೆ. ಆ ಜೋಕ್ ಕ್ಲಿಪ್ ಚೆನ್ನಾಗಿ ಓಡ್ತು ಕೂಡ. ಅದರಲ್ಲೇ, ಮಾತಿನ ಭರದಲ್ಲಿ, ಅಲ್ಲಿ ಶಾಸನ ಇದೆ ಅಂತಾರೆ, ಅದೂ ಯಾರೋ ಕಟ್ಟಿದ ಕಥೆ ಇರಬೇಕು ಅಂದುಬಿಟ್ಟೆ.

ಎರಡು ದಿನ ಬಿಟ್ಟು ಒಂದು ಮೆಸೇಜ್ ಬಂತು. ನಿವೃತ್ತ ಹೈಸ್ಕೂಲ್ ಟೀಚರ್ ಒಬ್ಬರು. ಅವರ ಒಪ್ಪಿಗೆ ತಗೊಂಡು ಹೇಳ್ತಿದ್ದೀನಿ.

"ನೋಡಪ್ಪ, ಶಾಸನ ಕಟ್ಟುಕಥೆ ಅಲ್ಲ. ಆ ಕಲ್ಲಿನ ಮೇಲೇ ಇದೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟದಲ್ಲಿ ಮೂಡಿಗೆರೆ ತಾಲೂಕಿನ ಶಾಸನಗಳ ಜೊತೆ ಅದನ್ನು ಅಚ್ಚು ಹಾಕಿಸಿದ್ದಾರೆ. ಮಧ್ವಾಚಾರ್ಯರು ಒಂದು ಕೈಯಿಂದ ತಂದು ಸ್ಥಾಪಿಸಿದ ಶಿಲೆ ಅಂತ ಸಂಸ್ಕೃತದಲ್ಲಿ ಬರೆದಿದೆ. ಟನ್ ಲೆಕ್ಕ ಅದರಲ್ಲಿಲ್ಲ. ನೀನು ತೂಕಕ್ಕೆ ವೋಚರ್ ಕೇಳಿದ್ದು ಸರಿ. ಆದರೆ ಶಾಸನ ಇಲ್ಲ ಅನ್ನೋದಕ್ಕೆ ನಿನ್ನ ವೋಚರ್ ಎಲ್ಲಿ? ಮತ್ತೆ ನೀನು ಉತ್ತರ ಕೊಟ್ಟಿದ್ದು ಒಂದು ರೀಲಿಗೆ. ಅಲ್ಲಿ ಕೈ ಮುಗಿಯೋ ನಮ್ಮಂಥವರು ಏನು ನಂಬುತ್ತೇವೆ ಅಂತ ಒಬ್ಬರನ್ನಾದರೂ ಕೇಳಿದ್ದೀಯಾ?"

ಓದಿದೆ. ಕಿವಿ ಬಿಸಿಯಾಯ್ತು. ಆಮೇಲೆ ಏನು ಮಾಡಿದೆ ಗೊತ್ತಾ? ಫೋನ್ ಮಡಚಿಟ್ಟೆ. ನಾಳೆ ಉತ್ತರ ಕೊಡೋಣ ಅಂದ್ಕೊಂಡೆ. ನಾಳೆ ಅನ್ನೋದು ಮೂರು ವಾರ ಆಯ್ತು. ಅದೇ ಮೂರು ವಾರದಲ್ಲಿ ನನ್ನನ್ನ ಧರ್ಮದ್ರೋಹಿ ಅಂತ ಬೈದವನೊಬ್ಬನಿಗೆ ಐದು ಸಲ ರಿಪ್ಲೈ ಮಾಡಿದ್ದೆ. ಅವನಿಗೆ ಉತ್ತರ ಕೊಡೋದು ಸುಲಭ, ಗೆದ್ದ ಹಾಗೆ ಅನಿಸುತ್ತೆ. ಟೀಚರಿಗೆ ಉತ್ತರ ಕೊಡ್ಬೇಕಾದ್ರೆ ನನ್ನದು ತಪ್ಪಾಯ್ತು ಅಂತ ಶುರು ಮಾಡ್ಬೇಕಿತ್ತು, ಚೆನ್ನಾಗಿ ಓಡ್ತಿದ್ದ ಕ್ಲಿಪ್ ತೆಗೀಬೇಕಿತ್ತು. ಒಳ್ಳೇ ಪ್ರಶ್ನೆ ಬಿಟ್ಟು ಬೈಗುಳ ಹುಡುಕಿ ಉತ್ತರ ಕೊಡ್ತಾರೆ ಅಂತ ಆಗಲೇ ಹೇಳಿದೆನಲ್ಲ, ಅದನ್ನ ನಾನು ಕಲಿತಿದ್ದು ಬೇರೆಯವರನ್ನ ನೋಡಿ ಅಲ್ಲ. ನಾನೇ ಮಾಡಿದ್ದು.

ಹಾಗಾಗಿ ಟೀಚರ್, ಎಲ್ಲರ ಮುಂದೆ ಹೇಳ್ತೀನಿ. ಶಾಸನದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ನೋಡದೆ ಹೇಳಿದೆ. ಆ ಕ್ಲಿಪ್ ತೆಗೆದಿದ್ದೀನಿ. ಭಕ್ತರನ್ನ ಕೇಳದೆ ಅವರ ಪರವಾಗಿ ನಾನೇ ಮಾತಾಡಿದ್ದೂ ತಪ್ಪು. ಒಂದು ಮಾತು ಮಾತ್ರ ನನ್ನದು ಉಳಿದಿದೆ. ಶಾಸನ ಇದೆ ಅನ್ನೋದು, ಅದನ್ನ ಕೆತ್ತಿಸಿದವರು ಹಾಗೆ ನಂಬಿದ್ರು ಅನ್ನೋದಕ್ಕೆ ಸಾಕ್ಷಿ. ಒಂದು ಕೈಯಲ್ಲಿ ಎತ್ತಿದ್ರು ಅನ್ನೋದಕ್ಕೆ ಅದೊಂದೇ ಸಾಕ್ಷಿ ಸಾಕಾಗಲ್ಲ. ಇದನ್ನ ಅವರಿಗೆ ಫೋನಲ್ಲೂ ಹೇಳಿದೆ. "ಅಷ್ಟು ಹೇಳು, ಅದಕ್ಕೆ ನನ್ನ ತಕರಾರಿಲ್ಲ. ನಾನು ನಂಬ್ತೀನಿ, ನೀನು ನಂಬಲ್ಲ. ಇಬ್ಬರೂ ಸುಳ್ಳು ಹೇಳದಿದ್ದರೆ ಆಯ್ತು" ಅಂದ್ರು.

ಇನ್ನು ತಮ್ಮ. ಮೊನ್ನೆ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಸೋ ದಿನ ಇಬ್ಬರೂ ಸಿಕ್ಕಿದ್ವಿ. ಪೈಪ್ ಹಿಡ್ಕೊಂಡು ನಿಂತಲ್ಲೇ ಕೇಳಿದೆ, ಯಾಕೋ ಬ್ಲಾಕ್ ಮಾಡ್ದೆ ಅಂತ.

"ಅಣ್ಣ, ನನ್ನ ಪೇಜ್ ಅಂದ್ರೆ ದೇವಸ್ಥಾನ ಇದ್ದಂಗೆ. ಜನ ಬೆಳಿಗ್ಗೆ ಎದ್ದು ಕೈ ಮುಗಿಯೋಕೆ ಬರ್ತಾರೆ. ಗರ್ಭಗುಡಿ ಮುಂದೆ ನಿಂತು ನೀನು ಬಿಲ್ ಕೇಳ್ತೀಯಾ?"

ನನಗೆ ಒಂದು ನಿಮಿಷ ಮಾತೇ ಬರಲಿಲ್ಲ. ಯಾಕಂದ್ರೆ ಅವನು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಅಜ್ಜಿ ಅಂಬಾತೀರ್ಥದಲ್ಲಿ ಕೈ ಮುಗಿಯುವಾಗ ಪಕ್ಕ ನಿಂತು ತೂಕ ಎಷ್ಟು ಅಂತ ಕೇಳೋನು ವಿಚಾರವಾದಿ ಅಲ್ಲ, ಅಧಿಕಪ್ರಸಂಗಿ. ಭಕ್ತಿ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಆಮೇಲೆ ಹೇಳಿದೆ. "ದೇವಸ್ಥಾನ ಆದ್ರೆ ಬಾಗಿಲಲ್ಲಿ ವಿಜ್ಞಾನಕ್ಕೆ ಸವಾಲು ಅಂತ ಬೋರ್ಡ್ ಯಾಕೆ ಹಾಕ್ದೆ? ಬೋರ್ಡ್ ಹಾಕಿದ ಮೇಲೆ ಅದು ಗರ್ಭಗುಡಿ ಅಲ್ಲ, ಕುಸ್ತಿ ಅಖಾಡ. ಕರೆದು ಆಮೇಲೆ ಬಾಗಿಲು ಹಾಕ್ಕೊಂಡ್ರೆ ಹೇಗೆ?"

ಅವನು ಪೈಪ್ ಕಡೆ ನೋಡ್ತಾ ಹೇಳಿದ, "ಸವಾಲು ಅಂತ ಹಾಕ್ಲಿಲ್ಲ ಅಂದ್ರೆ ಯಾರೂ ನೋಡಲ್ಲ ಅಣ್ಣ."

ಆ ಮಾತಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಕಲ್ಲು ಬೆಳೆಯುತ್ತಾ ಅನ್ನೋ ಜೋಕ್ ನಾನು ಹಾಕಿದ್ದೂ ಅದಕ್ಕೇ ಅಲ್ವಾ? ಅವನು ಭಕ್ತಿ ಬಿಟ್ಟು ಸವಾಲು ಮಾರಿದ, ನಾನು ವಿಚಾರ ಬಿಟ್ಟು ನಗು ಮಾರಿದೆ. ಅಂಗಡಿ ಇಬ್ಬರದ್ದೂ ಒಂದೇ ಆ್ಯಪಲ್ಲಿ.

ಈ ಕಥೆಗೆ ಇನ್ನೂ ಮುಕ್ತಾಯ ಇಲ್ಲ. ಅವನು ನನ್ನನ್ನ ಅನ್‌ಬ್ಲಾಕ್ ಮಾಡಿಲ್ಲ. ರೀಲೂ ಹಾಗೇ ಇದೆ. ಆದ್ರೆ ಇವತ್ತಿನ ಎಪಿಸೋಡ್ ಬಗ್ಗೆ ಅವನಿಗೆ ಮೊದಲೇ ಹೇಳಿದ್ದೀನಿ, ಅವನ ಕಡೆಯ ಮಾತು ನಾನು ಸರಿಯಾಗಿ ಹೇಳಿದ್ದೀನಾ ಅಂತ ಓದಿ ತೋರಿಸಿದ್ದೀನಿ. ಗರ್ಭಗುಡಿ ಮಾತು ಬಿಡ್ಬೇಡ, ಅದು ಮುಖ್ಯ ಅಂದ. ಬಿಟ್ಟಿಲ್ಲ.

ನಿಮಗೂ ಒಂದು ಕೆಲಸ ಕೊಡ್ತೀನಿ. ಮುಂದಿನ ಸಲ ಧರ್ಮದ ವಿಷಯಕ್ಕೆ ಯಾರ ಜೊತೆಗಾದ್ರೂ ಕಾಮೆಂಟಲ್ಲಿ ಕಿತ್ತಾಡೋ ಮೊದಲು, ನೀವು ನಂಬೋ ಕಡೆಯವರಾಗಿರಿ, ಕೇಳೋ ಕಡೆಯವರಾಗಿರಿ, ಎದುರಿನವರು ಏನು ಹೇಳ್ತಿದ್ದಾರೆ ಅಂತ ನಿಮ್ಮ ಮಾತಲ್ಲಿ ಎರಡು ಲೈನ್ ಬರೀರಿ. ಅವರು ಅದನ್ನ ಓದಿ ಹೌದು, ಇದೇ ನಾನು ಹೇಳಿದ್ದು ಅಂದ ಮೇಲೆ ಉತ್ತರ ಶುರು ಮಾಡಿ. ವ್ಯಾಸರಾಯರ ಕಾಲದಲ್ಲಿ ತಾಳೆಗರಿ ಮೇಲೆ ಕೊರೆದು ಮಾಡಿದ್ದನ್ನ ನಾವು ಹೆಬ್ಬೆರಳಲ್ಲಿ ಮಾಡೋಕಾಗಲ್ವಾ?

ನನ್ನ ಕಾಮೆಂಟ್ ತೆರೆದಿರುತ್ತೆ. ಅವಾಚ್ಯ ಬೈಗುಳ ಬಿಟ್ಟು ಏನನ್ನೂ ತೆಗೆಯಲ್ಲ, ನನ್ನ ತಪ್ಪು ತೋರಿಸಿದ್ದನ್ನ ಅಂತೂ ಮೊದಲು ಓದ್ತೀನಿ. ಮೂರು ವಾರ ಕಾಯಿಸಲ್ಲ.

ಚಾರ್ಜ್ ಹನ್ನೊಂದಕ್ಕೆ ಬಂತು. ಮಳೆ ನಿಲ್ಲೋ ಲಕ್ಷಣ ಇಲ್ಲ. ಮುಂದಿನ ವಾರ ಸಿಗೋಣ, ನಮಸ್ಕಾರ.